ಭುಜ ಕೈಕೊಟ್ಟಾಗ: ಕಾಂಪೌಂಡ್ ಬಿಲ್ಲಿನಿಂದ ಕ್ರಾಸ್‌ಬೋಗೆ

ಅಮೆರಿಕದ ಒಹಾಯೊದಲ್ಲಿ ಊರಂಚಿನ ನಮ್ಮ ಬೀದಿಯಲ್ಲಿ ಅಕ್ಟೋಬರ್ ಬಂತೆಂದರೆ, ಕತ್ತಲಾದ ಮೇಲೆ ಪಕ್ಕದ ಮನೆಯ ಹಿತ್ತಲಿನಿಂದ ಒಂದು ಸದ್ದು ಬರುತ್ತದೆ. ಟಪ್. ಒಂದೇ ಸಲ. ಯಾರೋ ಕಾರಿನ ಬಾಗಿಲು ಹಾಕಿಕೊಂಡರು ಅಂತ ಮೊದಮೊದಲು ಅಂದುಕೊಂಡಿದ್ದೆ. ಅದು ಪಕ್ಕದಜ್ಜನ ಕ್ರಾಸ್‌ಬೋ, ಅಂದರೆ ಬಂದೂಕಿನಂತೆ ಹಿಡಿದು ಬಾಣ ಬಿಡುವ ಅಡ್ಡಬಿಲ್ಲಿನ ಸದ್ದು ಎಂದು ಆಮೇಲೆ ತಿಳಿಯಿತು. ದಿನವಿಡೀ ಮರದ ಮೇಲೆ ಕೂತು ಬರಿಗೈಲಿ ಬಂದವರು ಕತ್ತಲಲ್ಲಿ ಗ್ಯಾರೇಜಿನ ದೀಪ ಹಾಕಿಕೊಂಡು ಒಂದು ಬಾಣ ಯಾಕೆ ಹೊಡೆಯುತ್ತಾರೆ? ಅದಕ್ಕೆ ಉತ್ತರ ಹೇಳಬೇಕೆಂದರೆ ಆ ಯಂತ್ರದ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು.

ಅಜ್ಜನಿಗೆ ಈಗ ಅರವತ್ತೆಂಟು. ಮೂವತ್ತು ವರ್ಷ ಕಾಂಪೌಂಡ್ ಬಿಲ್ಲಿನಲ್ಲಿ, ಅಂದರೆ ತುದಿಗಳಲ್ಲಿ ಗಾಲಿಗಳಿರುವ ಕೈಬಿಲ್ಲಿನಲ್ಲಿ, ಜಿಂಕೆ ಬೇಟೆಯಾಡಿದವರು. ಬಲ ಭುಜದ ಸ್ನಾಯುರಜ್ಜು ಹರಿದು ಆಪರೇಶನ್ ಆಯಿತು, ಇನ್ನು ಆ ಎಳೆತ ಬೇಡವೆಂದು ಡಾಕ್ಟರು ಹೇಳಿದರು, ಕ್ರಾಸ್‌ಬೋ ಮನೆಗೆ ಬಂತು. "ಇನ್ನೇನು, ಬಂದೂಕಿನಂತೆ ಟ್ರಿಗರ್ ಒತ್ತಿದರಾಯಿತು" ಅಂದಿದ್ದೆ ನಾನು. ಎರಡು ವಾರ ಅಭ್ಯಾಸ ಮಾಡಿದ ಮೇಲೆ ಅವರು ಕೊಟ್ಟ ಉತ್ತರ ಇದು: "ಭುಜದ ಕೆಲಸ ಕಡಿಮೆಯಾಗಿಲ್ಲ ಮಾರಾಯ, ತಲೆಗೆ ವರ್ಗವಾಗಿದೆ."

ಮುಂದೆ ಹೋಗುವ ಮೊದಲು ಒಂದು ಮಾತು. ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಬೇಟೆ ಅಪರಾಧ. ಕೈಯಲ್ಲಿ ಕೋವಿ ಇರಲಿ, ಬಿಲ್ಲಿರಲಿ, ಉರುಳಿರಲಿ. ಇಲ್ಲಿ ಹಾಗಲ್ಲ. ಬಿಳಿಬಾಲದ ಜಿಂಕೆಗಳು ಹೊಲ, ತೋಟ, ಹೆದ್ದಾರಿ ಎಲ್ಲೆಡೆ ತುಂಬಿವೆ. ತೋಳಗಳು ಬಹುಪಾಲು ರಾಜ್ಯಗಳಿಂದ ಎಂದೋ ಮಾಯವಾದವು. ಹಾಗಾಗಿ ಲೈಸೆನ್ಸು, ಪರ್ಮಿಟ್ಟು, ಋತು, ಲೆಕ್ಕ ಎಲ್ಲ ಇಟ್ಟು ಸರ್ಕಾರವೇ ಬೇಟೆ ಆಡಿಸುತ್ತದೆ. ಬಂದೂಕಿಗೆ ಸಿಗುವ ದಿನಗಳು ಕಡಿಮೆ. ಬಿಲ್ಲಿಗೆ ಉದಾರ ಋತು: ಒಹಾಯೊದಲ್ಲಿ ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ. ಗಂಡು ಜಿಂಕೆಗಳು ಎಚ್ಚರ ತಪ್ಪಿ ಹಗಲಲ್ಲೇ ಅಲೆಯುವ ನವೆಂಬರಿನ ಬೆದೆಗಾಲ ಪೂರ್ತಿ ಈ ಬಿಲ್ಲಿನ ಋತುವಿನೊಳಗೇ ಬರುತ್ತದೆ. ಯಾವ ಆಯುಧವನ್ನು 'ಬಿಲ್ಲು' ಎಂದು ಕರೆಯಬೇಕು ಎಂಬುದಕ್ಕೆ ಇಲ್ಲಿ ಜಗಳವಾಗುವುದು ಇದೇ ಕಾರಣಕ್ಕೆ. ಆ ಜಗಳಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಿಡಿದು ನಿಲ್ಲುವ ಕಷ್ಟ

ಕಾಂಪೌಂಡ್ ಬಿಲ್ಲನ್ನು ನಮ್ಮವರು ಟೀವಿಯಲ್ಲಿ ನೋಡಿರುತ್ತಾರೆ. 2023ರಲ್ಲಿ ಬರ್ಲಿನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಅದಿತಿ ಸ್ವಾಮಿ ಚಿನ್ನ ಗೆದ್ದದ್ದು ಇದರಲ್ಲೇ. ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಎರಡೂ ತೋಳಿಲ್ಲದ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು ಭುಜದಿಂದ ಹೆದೆ ಎಳೆದದ್ದೂ ಇದನ್ನೇ. ತುದಿಗಳಲ್ಲಿ ಗಾಲಿಗಳು, ನಡುವೆ ಅಡ್ಡಾದಿಡ್ಡಿ ಹಗ್ಗಗಳು. ಮಿಸ್ಸೌರಿಯ ಹೋಲೆಸ್ ವಿಲ್ಬರ್ ಆಲೆನ್ ಎಂಬಾತ 1966ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದ, 1969ರಲ್ಲಿ ಸಿಕ್ಕಿತು. ಆ ಗಾಲಿಗಳು ದುಂಡಗಿಲ್ಲ, ಅಚ್ಚು ನಟ್ಟನಡುವೆ ಇಲ್ಲ. ಗುಟ್ಟೆಲ್ಲ ಅಲ್ಲಿದೆ.

ಸಾದಾ ಬಿದಿರಿನ ಬಿಲ್ಲು ಎಳೆದಷ್ಟೂ ಬಿಗಿಯಾಗುತ್ತದೆ. ಪೂರ್ತಿ ಎಳೆದಾಗಲೇ ಭಾರ ಅತಿ ಹೆಚ್ಚು, ಗುರಿ ಹಿಡಿಯಬೇಕಾದ್ದೂ ಆಗಲೇ. ಕಾಂಪೌಂಡ್ ಬಿಲ್ಲಿನಲ್ಲಿ ನಡುದಾರಿಯಲ್ಲಿ ಭಾರ ಶಿಖರ ಮುಟ್ಟಿ, ಕೊನೆಯಲ್ಲಿ ಗಾಲಿ ತಿರುಗಿಕೊಳ್ಳುತ್ತಿದ್ದಂತೆ ಕುಸಿಯುತ್ತದೆ. 70 ಪೌಂಡಿನ, ಅಂದರೆ ಹೆಚ್ಚುಕಡಿಮೆ 32 ಕೆ.ಜಿ. ಎಳೆತದ ಬಿಲ್ಲಿಗೆ ಶೇ. 80ರ ರಿಯಾಯಿತಿ ಇದ್ದರೆ ಪೂರ್ತಿ ಎಳೆದು ನಿಂತಾಗ ಬೆರಳಿಗೆ ಉಳಿಯುವುದು 14 ಪೌಂಡ್ ಮಾತ್ರ. ಆದರೆ ನಡುದಾರಿಯ ಆ 70 ಪೌಂಡಿನ ಗುಡ್ಡ ಹತ್ತದೆ ಅಲ್ಲಿಗೆ ಹೋಗುವಂತಿಲ್ಲ. ಅಜ್ಜನ ಭುಜ ಸೋತದ್ದು ಆ ಗುಡ್ಡದಲ್ಲಿ.

ಇನ್ನೊಂದು ತೊಡಕು ಜಿಂಕೆಯದು. ಅದು ಇಪ್ಪತ್ತು ಗಜದಲ್ಲಿ ನಿಂತಿರುವಾಗ ಅಟ್ಟಣೆಯ ಮೇಲಿನ ಮನುಷ್ಯ ತೋಳೆತ್ತಿ ಹೆದೆ ಎಳೆಯಬೇಕು. ಅದರ ಕಣ್ಣಿಗೆ ಬೀಳುವುದು ಈ ಚಲನೆಯೇ. ಮರದ ಹಿಂದೆ ತಲೆ ಹೋದಾಗ ಎಳೆದು, ಅದು ಹೊರಬರುವ ತನಕ ಬಿಗಿಹಿಡಿದು ಕಾಯಬೇಕು. ಒಮ್ಮೊಮ್ಮೆ ಎರಡು ನಿಮಿಷ. ಹದಿನಾಲ್ಕು ಪೌಂಡ್ ಕೂಡ ಎರಡನೆಯ ನಿಮಿಷಕ್ಕೆ ತೋಳನ್ನು ನಡುಗಿಸುತ್ತದೆ.

ಕ್ರಾಸ್‌ಬೋ ಬಿಡಿಸುವುದು ಈ ಎರಡು ಗಂಟುಗಳನ್ನು. ಕನ್ನಡದಲ್ಲಿ ಅಡ್ಡಬಿಲ್ಲು ಎಂಬ ಒಳ್ಳೆಯ ಮಾತಿದೆ: ಬಿಲ್ಲನ್ನು ಅಡ್ಡ ಮಲಗಿಸಿ ಬಂದೂಕಿನಂಥ ಹಿಡಿಗೆ ಕಟ್ಟಿದ್ದು. ಹೆದೆಯನ್ನು ಬೆಳಿಗ್ಗೆಯೇ ಎಳೆದು ಒಂದು ಕೊಂಡಿಗೆ ಸಿಕ್ಕಿಸಿಬಿಟ್ಟರೆ ಅದನ್ನು ಹಿಡಿದಿಡುವ ಕೆಲಸ ಉಕ್ಕಿನದು. ಹಿಡಿಯನ್ನು ಭುಜಕ್ಕೆ ಒತ್ತಿ, ಮೊಣಕಾಲಿನ ಮೇಲೋ ಕಂಬಿಯ ಮೇಲೋ ಊರಿ, ದುರ್ಬೀನಿನಲ್ಲಿ ನೋಡಿ ಟ್ರಿಗರ್ ಒತ್ತುವುದು. ತೋಳು ನಡುಗುವ ಪ್ರಶ್ನೆಯಿಲ್ಲ. ಹೊಸಬನೂ ಒಂದು ಮಧ್ಯಾಹ್ನದಲ್ಲಿ ಮೂವತ್ತು ಗಜದಿಂದ ಅಂಗೈಯಗಲದ ಜಾಗಕ್ಕೆ ಬಾಣ ಹಾಕಬಲ್ಲ. ಕಾಂಪೌಂಡಿನಲ್ಲಿ ಅಷ್ಟಾಗಬೇಕಾದರೆ ತಿಂಗಳುಗಟ್ಟಲೆ ಬೆವರಬೇಕು.

200 ಪೌಂಡ್ ಎಂದರೆ ಮೂರು ಪಟ್ಟೇ?

ಅಂಗಡಿಗೆ ಹೋದವರನ್ನು ಮೊದಲು ಮರುಳುಮಾಡುವುದು ಈ ಅಂಕಿ. ಕಾಂಪೌಂಡ್ ಬಿಲ್ಲಿನ ಮೇಲೆ 60, 70 ಎಂದು ಬರೆದಿದ್ದರೆ ಕ್ರಾಸ್‌ಬೋ ಮೇಲೆ 150, 200, ಅದಕ್ಕೂ ಮೇಲೆ. ಹಾಗಾದರೆ ಮೂರು ಪಟ್ಟು ಶಕ್ತಿಯೇ? ಅಲ್ಲ.

ಬಿಲ್ಲಿನಲ್ಲಿ ಕೂಡಿಡುವ ಶಕ್ತಿಗೆ ಬಲ ಎಷ್ಟು ಮುಖ್ಯವೋ ಆ ಬಲದಿಂದ ಹೆದೆಯನ್ನು ಎಷ್ಟು ದೂರ ಎಳೆದೆವು ಎಂಬುದೂ ಅಷ್ಟೇ ಮುಖ್ಯ. ಬಾವಿಯಿಂದ ನೀರು ಸೇದುವಾಗ ಕೊಡದ ಭಾರದ ಜೊತೆಗೆ ಬಾವಿಯ ಆಳವೂ ಲೆಕ್ಕಕ್ಕೆ ಬರುತ್ತದಲ್ಲ, ಹಾಗೆ. ಕಾಂಪೌಂಡ್ ಬಿಲ್ಲಿನ ಹೆದೆ ಬಾಣವನ್ನು ತಳ್ಳುತ್ತ ಸಾಗುವ ದೂರ ಸುಮಾರು 22 ಅಂಗುಲ. ಕ್ರಾಸ್‌ಬೋದಲ್ಲಿ ಅದು 10ರಿಂದ 16 ಅಂಗುಲ. ಕೊಡ ದೊಡ್ಡದು, ಬಾವಿ ಆಳವಿಲ್ಲ. ಗಾಲಿಗಳಿಲ್ಲದ 150 ಪೌಂಡಿನ ಸಾದಾ ಕ್ರಾಸ್‌ಬೋವನ್ನು 12 ಅಂಗುಲ ಎಳೆದರೆ ಕೂಡುವ ಶಕ್ತಿ ಒಳ್ಳೆಯ 70 ಪೌಂಡ್ ಕಾಂಪೌಂಡಿಗಿಂತ ಹೆಚ್ಚೇನಲ್ಲ. ಈಗಿನ ಕ್ರಾಸ್‌ಬೋಗಳು ವೇಗದಲ್ಲಿ ಮುಂದೆ ಹೋಗಿರುವುದು ಆಲೆನ್ನನ ಗಾಲಿಗಳನ್ನೇ ಎರವಲು ಪಡೆದು, ಎಳೆತದ ದೂರವನ್ನೂ ಬಲವನ್ನೂ ಒಟ್ಟಿಗೆ ಹೆಚ್ಚಿಸಿಕೊಂಡು.

ಇಂದಿನ ಮಧ್ಯಮ ದರ್ಜೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡೋಣ. 26 ಗ್ರಾಂ ತೂಕದ ಬಾಣವನ್ನು ಕಾಂಪೌಂಡ್ ಸೆಕೆಂಡಿಗೆ 88 ಮೀಟರ್ ವೇಗದಲ್ಲಿ ಬಿಟ್ಟರೆ ಕ್ರಾಸ್‌ಬೋ 122 ಮೀಟರಿನಲ್ಲಿ ಬಿಡುತ್ತದೆ ಎನ್ನೋಣ. ಇಲ್ಲಿನವರ ಅಡಿಲೆಕ್ಕದಲ್ಲಿ 290 ಮತ್ತು 400. ಬಾಣದ ಚಲನಶಕ್ತಿ ಮೊದಲನೆಯದರಲ್ಲಿ ಸುಮಾರು 100 ಜೂಲ್, ಎರಡನೆಯದರಲ್ಲಿ 190ರ ಮೇಲೆ. ಹೆಚ್ಚುಕಡಿಮೆ ಎರಡು ಪಟ್ಟು, ನಿಜ. ಆದರೆ ಜಿಂಕೆಗೆ ಆ ಮೊದಲನೆಯ ನೂರೇ ಬೇಕಾದ್ದಕ್ಕಿಂತ ಹೆಚ್ಚು. ಬಾಣ ಗುಂಡಿನಂತೆ ಅಪ್ಪಳಿಸಿ ಕೊಲ್ಲುವುದಿಲ್ಲ. ಅಲಗಿನ ಮೊನೆ ಪುಪ್ಪುಸ ಸೀಳಿ, ರಕ್ತ ಹರಿದು, ಜಿಂಕೆ ಕೆಲವು ಸೆಕೆಂಡುಗಳಲ್ಲಿ ಬೀಳುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ ಎರಡೂ ಬಾಣಗಳು ಜಿಂಕೆಯನ್ನು ತೂರಿ ಆಚೆಯ ಮಣ್ಣಿಗೆ ನಾಟುತ್ತವೆ. ಉಳಿದ ಶಕ್ತಿ ಮಣ್ಣಿಗೆ. ಆ ಮಣ್ಣಿನ ಪಾಲಿಗೆ ನಾವು ಹೆಚ್ಚು ದುಡ್ಡು ಕೊಡುತ್ತಿದ್ದೇವೆ ಅಂತ ಅಜ್ಜನಿಗೆ ಹೇಳಿ ಬೈಸಿಕೊಂಡಿದ್ದೇನೆ.

ಜಿಂಕೆಯ ಕಿವಿ

ವೇಗದಿಂದ ಲಾಭವೇ ಇಲ್ಲವೆಂದಲ್ಲ. ಬಾಣ ಹಾರುವಷ್ಟು ಹೊತ್ತೂ ಬೀಳುತ್ತಲೇ ಇರುತ್ತದೆ. 40 ಗಜ, ಅಂದರೆ 36 ಮೀಟರ್ ಚಿಲ್ಲರೆ ದೂರಕ್ಕೆ ಕಾಂಪೌಂಡ್ ಬಾಣ ಹೋಗಲು 0.41 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ನೇರಗೆರೆಯಿಂದ 84 ಸೆಂ.ಮೀ. ಇಳಿದಿರುತ್ತದೆ. ಕ್ರಾಸ್‌ಬೋ ಬಾಣಕ್ಕೆ 0.30 ಸೆಕೆಂಡ್, ಇಳಿತ 44 ಸೆಂ.ಮೀ. ಗಾಳಿಯ ತಡೆ ಸೇರಿಸಿದರೆ ಅಂಕಿಗಳು ಸ್ವಲ್ಪ ಏರುತ್ತವೆ, ಅನುಪಾತ ಇಷ್ಟೇ. ದೂರದ ಅಂದಾಜು ತುಸು ತಪ್ಪಿದರೂ ಕ್ರಾಸ್‌ಬೋ ಕ್ಷಮಿಸುತ್ತದೆ. ತುಸು ಮಾತ್ರ. 50 ಗಜದಲ್ಲಿ ನಿಂತ ಜಿಂಕೆಯನ್ನು 40 ಎಂದು ಬಗೆದು ಬಿಟ್ಟರೆ ಬಾಣ ಸುಮಾರು 14 ಸೆಂ.ಮೀ. ಕೆಳಗೆ ಬೀಳುತ್ತದೆ. ಜಿಂಕೆಯ ಎದೆಗೂಡಿನಲ್ಲಿ ನಾವು ಗುರಿಯಿಡುವ ಜಾಗದ ಅಗಲವೇ 25 ಸೆಂ.ಮೀ. ಆಸುಪಾಸು, ನಡುವಿನಿಂದ ಅಂಚಿಗೆ ಅಷ್ಟೂ ಇಲ್ಲ. ದೂರ ಅಳೆಯುವ ಲೇಸರ್ ಯಂತ್ರವನ್ನು ಕಾಂಪೌಂಡಿನ ಜೊತೆಗೇ ಪೆಟ್ಟಿಗೆಗೆ ಹಾಕುವಂತಿಲ್ಲ.

ಇನ್ನು ಸದ್ದು. ಅದು ಸೆಕೆಂಡಿಗೆ 340 ಮೀಟರ್ ಹೋಗುತ್ತದೆ, ಯಾವ ಕ್ರಾಸ್‌ಬೋ ಬಾಣಕ್ಕಿಂತಲೂ ಎರಡು ಪಟ್ಟಿಗೂ ಹೆಚ್ಚು ವೇಗ. 40 ಗಜದಲ್ಲಿರುವ ಜಿಂಕೆಗೆ ಬಿಲ್ಲಿನ ಸದ್ದು 0.11 ಸೆಕೆಂಡಿಗೆ ಮುಟ್ಟುತ್ತದೆ. ಕ್ರಾಸ್‌ಬೋ ಬಾಣ ಬರುವುದು 0.30ಕ್ಕೆ. ನಡುವೆ ಉಳಿದ 0.19 ಸೆಕೆಂಡ್ ಜಿಂಕೆಯದು. ಬೆಚ್ಚಿದ ಜಿಂಕೆ ನೇರವಾಗಿ ಓಡುವುದಿಲ್ಲ. ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ, ಆಮೇಲೆ ಚಿಮ್ಮುತ್ತದೆ. ಸರಿಯಾಗಿ ಗುರಿಯಿಟ್ಟ ಬಾಣವೂ ಬೆನ್ನ ಮೇಲಿಂದ ಹಾರಿಹೋಗುವುದು ಹೀಗೆ. ಕಾಂಪೌಂಡ್ ಬಾಣವಾಗಿದ್ದರೆ ಅದಕ್ಕೆ 0.30 ಸೆಕೆಂಡ್ ಸಿಗುತ್ತಿತ್ತು.

ಹಾಗಿದ್ದರೆ ಕ್ರಾಸ್‌ಬೋಗೆ ಬಂದವರು 60 ಗಜದಿಂದ ಹೊಡೆಯಬಹುದಲ್ಲ ಎನ್ನುತ್ತಾರೆ. ಅದೇ ಲೆಕ್ಕ ಮುಂದುವರಿಸಿ. 60 ಗಜಕ್ಕೆ ಬಾಣಕ್ಕೆ 0.45 ಸೆಕೆಂಡ್, ಸದ್ದಿಗೆ 0.16. ಜಿಂಕೆಗೆ ಉಳಿಯುವುದು 0.29 ಸೆಕೆಂಡ್. ಕಾಂಪೌಂಡಿನಲ್ಲಿ 40 ಗಜಕ್ಕೆ ಎಷ್ಟಿತ್ತೋ ಅಷ್ಟೇ! ದುಡ್ಡು ಕೊಟ್ಟು ಕೊಂಡ ವೇಗವನ್ನೆಲ್ಲ ದೂರಕ್ಕೆ ಖರ್ಚು ಮಾಡಿ ಮತ್ತೆ ಹಳೆಯ ಜಾಗಕ್ಕೇ ಬಂದು ನಿಂತಂತಾಯಿತು. ಮೇಲಾಗಿ ಕ್ರಾಸ್‌ಬೋ ಸದ್ದು ಕಾಂಪೌಂಡಿಗಿಂತ ದೊಡ್ಡದು. ನನ್ನ ಅಭಿಪ್ರಾಯ ಕೇಳಿದರೆ, ಕಾಂಪೌಂಡಿನಲ್ಲಿ ಎಷ್ಟು ದೂರದಿಂದ ಹೊಡೆಯುತ್ತಿದ್ದರೋ ಅಷ್ಟಕ್ಕೇ ನಿಲ್ಲಬೇಕು. ಅಜ್ಜ ಇವತ್ತಿಗೂ 30 ಗಜ ದಾಟುವುದಿಲ್ಲ. ದುರ್ಬೀನಿನೊಳಗೆ 70, 80 ಎಂದೆಲ್ಲ ಗೆರೆಗಳಿವೆ; ಅವು ಹಿತ್ತಲಿನ ಗುರಿಮೂಟೆಗೆ ಅನ್ನುತ್ತಾರೆ. ಮೂಟೆಗೆ ಕಿವಿಯಿಲ್ಲ.

ಬೆಳಗಿನ ಎಳೆತ

ನಮ್ಮ ಪುರಾಣಗಳಲ್ಲಿ ಹೆದೆಯೇರಿಸುವುದೆಂದರೆ ಬಿಲ್ಲಿಗೆ ಹೆದೆ ಕಟ್ಟುವುದು. ಇಲ್ಲಿ ಹೆದೆ ಸದಾ ಕಟ್ಟಿಯೇ ಇರುತ್ತದೆ. ಅದನ್ನು ಹಿಂದೆಳೆದು ಕೊಂಡಿಗೆ ಸಿಕ್ಕಿಸಬೇಕು. 200 ಪೌಂಡ್ ಎಂದರೆ 90 ಕೆ.ಜಿ. ಕ್ರಾಸ್‌ಬೋದ ಮೂತಿಯಲ್ಲಿರುವ ರಿಕಾಪಿನಂಥ ಬಳೆಗೆ ಪಾದ ತೂರಿಸಿ, ಎರಡು ಕೊಕ್ಕೆ ಎರಡು ಹಿಡಿಗಳಿರುವ ಹಗ್ಗದಿಂದ ಎರಡೂ ಕೈಯಲ್ಲಿ ಮೇಲಕ್ಕೆ ಎಳೆಯುವುದು ರೂಢಿ. ಹಗ್ಗ ರಾಟೆಯಂತೆ ಕೆಲಸ ಮಾಡಿ ಭಾರವನ್ನು ಅರ್ಧ ಮಾಡುತ್ತದೆ. ಅರ್ಧ ಎಂದರೂ 45 ಕೆ.ಜಿ., ಒಂದು ದೊಡ್ಡ ಅಕ್ಕಿ ಮೂಟೆ. ಭುಜ ನೋವೆಂದು ಕಾಂಪೌಂಡ್ ಬಿಟ್ಟವರು ಹಗ್ಗದ ಕ್ರಾಸ್‌ಬೋ ಕೊಂಡರೆ ಬಾಣಲೆಯಿಂದ ಬೆಂಕಿಗೆ. ಅವರಿಗೆ ಬೇಕಾದ್ದು ಕೈಯಿಂದ ತಿರುಗಿಸುವ ಕ್ರ್ಯಾಂಕ್ ಇರುವ ಮಾದರಿ. ಬಾವಿಯ ರಾಟೆ ತಿರುಗಿಸಿದ ಹಾಗೆ ಸಲೀಸು. ಬೆಲೆ ಜಾಸ್ತಿ, ನಿಧಾನ, ಕೆಲವಕ್ಕೆ ಕಟಕಟ ಸದ್ದೂ ಉಂಟು. ಆದರೆ ಭುಜಕ್ಕಾಗಿ ಬದಲಾಯಿಸುವವರು ಬೇರೆ ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು.

ಹಗ್ಗದಿಂದ ಎಳೆಯುವಾಗ ಇನ್ನೊಂದು ಸೂಕ್ಷ್ಮವಿದೆ. ಬಲಗೈ ತುಸು ಜಾಸ್ತಿ ಎಳೆದು ಹೆದೆಯ ನಡು ಒಂದು ಪಕ್ಕಕ್ಕೆ ಸರಿದರೆ ಬಾಣವೂ ಪಕ್ಕಕ್ಕೇ ಹೋಗುತ್ತದೆ. ಅಜ್ಜ ನನಗೊಮ್ಮೆ ಹೊಡೆಯಲು ಕೊಟ್ಟಿದ್ದರು. ಐದು ಬಾಣ, ಐದೂ ಎಡಕ್ಕೆ. ದುರ್ಬೀನು ಕೆಟ್ಟಿದೆ ಎಂದು ನಾನು ತಿರುಪು ತಿರುಗಿಸಲು ಹೊರಟೆ. ಅವರು ಹೆದೆಯ ನಡುವೆ ಎರಡು ಗುರುತು ಹಾಕಿದ್ದರು. ಹಳಿಯ ಎರಡೂ ಬದಿಗೆ ಅವು ಸಮನಾಗಿ ಕೂತಿವೆಯೇ ಎಂದು ನೋಡು ಅಂದರು. ಕೂತಿರಲಿಲ್ಲ. ಕ್ರ್ಯಾಂಕಿನಲ್ಲಿ ಈ ತಾಪತ್ರಯ ಬಹುಪಾಲು ಇಲ್ಲ.

ಹೆದೆ ಬಾಣವನ್ನು ತಳ್ಳುತ್ತ ಸಾಗುವ ದಾರಿಗೆ ಇಲ್ಲಿ ರೈಲು ಎನ್ನುತ್ತಾರೆ, ಹಳಿ. ಮುಂಗೈಯ ಹೆಬ್ಬೆರಳು ಆ ಹಳಿಯ ಮಟ್ಟದಿಂದ ಮೇಲೆ ಬಂದರೆ ಹೆದೆ ಅದನ್ನು ಬಿಡುವುದಿಲ್ಲ. ಮುರಿಯಬಹುದು, ತುಂಡಾಗಲೂಬಹುದು. ಬಂದೂಕು ಹಿಡಿದು ರೂಢಿಯಿರುವವರಿಗೆ ಹೆಬ್ಬೆರಳನ್ನು ಮೇಲೆ ಚಾಚುವ ಚಾಳಿ ಇರುತ್ತದೆ. ಕಾಂಪೌಂಡಿನವರಿಗೆ ಅಲ್ಲಿ ಅಪಾಯವಿದೆ ಎಂಬ ಯೋಚನೆಯೇ ಇರುವುದಿಲ್ಲ. ಈಗಿನ ಮಾದರಿಗಳಲ್ಲಿ ಬೆರಳು ಮೇಲೇಳದಂತೆ ರೆಕ್ಕೆಯಂಥ ತಡೆ ಇರುತ್ತದೆ. ಅದಿದ್ದರೂ ಪ್ರತಿ ಸಲ ಬೆರಳೆಲ್ಲಿದೆ ಎಂದು ನೋಡಿಕೊಂಡೇ ಟ್ರಿಗರ್ ಮುಟ್ಟಬೇಕು.

ಆ ಟಪ್ ಸದ್ದು

ಕಾಂಪೌಂಡ್ ಬಿಲ್ಲಿನಲ್ಲಿ ಎಳೆದ ಹೆದೆಯನ್ನು ಬಿಡದೆ ಮೆಲ್ಲಗೆ ಹಿಂದಕ್ಕೆ ಒಪ್ಪಿಸಿಬಿಡಬಹುದು. ಜಿಂಕೆ ತಿರುಗಿ ಹೋಯಿತೇ, ತೋಳು ಸಡಿಲಿಸಿದರಾಯಿತು. ಬಾಣ ಬತ್ತಳಿಕೆಗೆ ವಾಪಸ್ಸು. ಕ್ರಾಸ್‌ಬೋದಲ್ಲಿ ಹೆದೆ ಕೊಂಡಿಯಲ್ಲಿದೆ. ಅದನ್ನು ಬಿಡಿಸುವ ದಾರಿ ಟ್ರಿಗರ್ ಒಂದೇ. ಹೊಸ ಕ್ರ್ಯಾಂಕ್ ಮಾದರಿಗಳಲ್ಲಿ ಕೆಲವನ್ನು ಹಿಮ್ಮುಖ ತಿರುಗಿಸಿ ಇಳಿಸಬಹುದು. ಅಂಥದಿಲ್ಲದವರು ದಿನದ ಕೊನೆಗೆ ಒಂದು ಹಳೆಯ ಬಾಣ ಇಟ್ಟು ಮೂಟೆಗೋ ಮೆತ್ತನೆಯ ನೆಲಕ್ಕೋ ಹೊಡೆದು ಖಾಲಿ ಮಾಡಬೇಕು. ಇಡೀ ರಾತ್ರಿ ಎಳೆದಿಟ್ಟರೆ ಹೆದೆಗೂ ಬಿಲ್ಲಿನ ತೋಳುಗಳಿಗೂ ಒಳ್ಳೆಯದಲ್ಲ. ಎಳೆದ ಕ್ರಾಸ್‌ಬೋವನ್ನು ವಾಹನದಲ್ಲಿ ಇಟ್ಟುಕೊಂಡು ಹೋಗುವುದು ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ನಮ್ಮ ಬೀದಿಯ ಆ ಸಂಜೆ ಸದ್ದು ಇದು: ಬಿಲ್ಲಿನಲ್ಲಿ ದಿನವಿಡೀ ಕೂತಿದ್ದ ಶಕ್ತಿಗೆ ಬಿಡುಗಡೆ.

ಬಾಣವಿಲ್ಲದೆ ಟ್ರಿಗರ್ ಒತ್ತಿದರೆ ಸಾಲದೇ ಎಂದು ಕೇಳಬೇಡಿ. ಆ ಶಕ್ತಿಯನ್ನು ಹೊತ್ತುಕೊಂಡು ಹೋಗುವುದು ಬಾಣ. ಹೊರಲು ಬಾಣವಿಲ್ಲದಿದ್ದರೆ ಅಷ್ಟೂ ಶಕ್ತಿ ಬಿಲ್ಲಿನ ಮೈಗೇ ತಿರುಗಿ ಬೀಳುತ್ತದೆ: ತೋಳು ಸೀಳಬಹುದು, ಹೆದೆ ಹರಿಯಬಹುದು, ಗಾಲಿ ಬಾಗಬಹುದು, ಚೂರು ಮುಖಕ್ಕೆ ಹಾರಬಹುದು. ಕಾಂಪೌಂಡಿಗೂ ಈ ಭಯವಿದೆ, ಆದರೆ ಕ್ರಾಸ್‌ಬೋದಲ್ಲಿ ಇದು ಕಣ್ಣಿಗೆ ಕಾಣದೆಯೂ ಆಗುತ್ತದೆ. ಬಾಣ ಹಳಿಯ ಮೇಲಿದೆ, ಆದರೆ ಹೆದೆಗೆ ತಾಗುವಷ್ಟು ಹಿಂದಕ್ಕೆ ಕೂತಿಲ್ಲ ಎನ್ನಿ. ಅದೂ ಬರಿ ಹೊಡೆತವೇ. ಈಗಿನವಕ್ಕೆ ಬಾಣ ಸರಿಯಾಗಿ ಕೂರದಿದ್ದರೆ ಟ್ರಿಗರ್ ತಡೆಯುವ ಕೊಂಡಿ ಇರುತ್ತದೆ. ಬಾಣದ ಹಿಂತುದಿಯ ಕಚ್ಚು, ಇಲ್ಲಿನವರು ನಾಕ್ ಎನ್ನುವುದು, ಚಪ್ಪಟೆ, ಅರ್ಧಚಂದ್ರ, ಹೆದೆಯನ್ನು ಕಚ್ಚಿಕೊಳ್ಳುವಂಥದು ಎಂದು ಹಲವು ಬಗೆ. ಯಾವ ಕ್ರಾಸ್‌ಬೋಗೆ ಯಾವುದು ಎಂದು ಅದರ ಕೈಪಿಡಿ ಹೇಳುತ್ತದೆ. ಅಲ್ಲಿ ಸ್ವಂತ ಬುದ್ಧಿ ಬೇಡ. ಬಾಣದ ತೂಕಕ್ಕೂ ಅದೇ ಮಾತು: ಕನಿಷ್ಠ ತೂಕಕ್ಕಿಂತ ಹಗುರ ಬಾಣ ಹಾಕಿದರೆ ವೇಗ ಏರುತ್ತದೆ, ಬಿಲ್ಲು ಅರ್ಧ ಬರಿ ಹೊಡೆತ ತಿಂದಂತಾಗುತ್ತದೆ. ಕ್ರಾಸ್‌ಬೋ ಬಾಣಕ್ಕೆ ಬೋಲ್ಟ್ ಎಂಬ ಹೆಸರೂ ಉಂಟು. ಉದ್ದ ಹೆಚ್ಚಾಗಿ 20, 22 ಅಂಗುಲ. ಹಳೆಯ ಕಾಂಪೌಂಡ್ ಬಾಣಗಳನ್ನು ಕತ್ತರಿಸಿ ಬಳಸುತ್ತೇನೆ ಎನ್ನುವವರಿದ್ದಾರೆ. ಬೇಡ.

ಕಾಂಪೌಂಡಿನಲ್ಲಿ ಹೆದೆ ಗಾಳಿಯಲ್ಲಿ ಓಡುತ್ತದೆ. ಹೆಚ್ಚಿನ ಕ್ರಾಸ್‌ಬೋಗಳಲ್ಲಿ ಅದು ಹಳಿಯನ್ನು ಉಜ್ಜಿಕೊಂಡು ಓಡುವುದರಿಂದ ಹಳಿಗೆ ಆಗಾಗ ಎಣ್ಣೆ, ಹೆದೆಗೆ ಮೇಣ ಹಚ್ಚುತ್ತಿರಬೇಕು. ಹೆದೆ ಎಷ್ಟು ಚೆನ್ನಾಗಿದ್ದರೂ ಬೇಗ ಸವೆಯುತ್ತದೆ.

ಮರದ ಮೇಲೆ

ಮರದ ಅಟ್ಟಣೆಯಲ್ಲಿ ಎರಡರ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. ಕಾಂಪೌಂಡ್ ಎರಡು ಕೆ.ಜಿ. ಆಸುಪಾಸು, ಕೊಂಬೆಗೆ ನೇತುಹಾಕಿ ಕೂರಬಹುದು. ಕ್ರಾಸ್‌ಬೋ ದುರ್ಬೀನು ಸೇರಿ ಮೂರೂವರೆ ನಾಲ್ಕಕ್ಕೆ ಹೋಗುತ್ತದೆ, ಭಾರವೆಲ್ಲ ಮುಂದಕ್ಕೆ. ಊರಲು ಕಂಬಿ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಎಡಗೈ ಸೋಲುತ್ತದೆ. ಇನ್ನು ಅಡ್ಡಬಿಲ್ಲಿನ ತೋಳುಗಳು ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಬಿಡುವಾಗ ಅವು ಮುಂದಕ್ಕೆ ಚಿಮ್ಮುತ್ತ ಹೊರಕ್ಕೂ ಅಗಲವಾಗುತ್ತವೆ. ಎಳೆದಾಗ ಮರಕ್ಕೆ ತಾಗದಿದ್ದದ್ದು ಬಿಟ್ಟಾಗ ತಾಗಬಹುದು. ದುರ್ಬೀನಿನಲ್ಲಿ ಜಿಂಕೆಯನ್ನಷ್ಟೇ ನೋಡುತ್ತಿರುವವರಿಗೆ ಇದು ಕಾಣುವುದೇ ಇಲ್ಲ. ಎಳೆದಾಗ ಗೇಣಗಲಕ್ಕೆ ಕುಗ್ಗುವ ಕಿರಿದಾದ ಮಾದರಿಗಳು ಅಷ್ಟು ಓಡುತ್ತಿರುವುದು ಇದೇ ಕಾರಣಕ್ಕೆ ಎನ್ನುವುದು ನನ್ನ ಗುಮಾನಿ.

ಹತ್ತುವಾಗ ಹಗ್ಗ ಕಟ್ಟಿ ಕೆಳಗಿಂದ ಸೇದಿಕೊಳ್ಳಬೇಕು, ಬಾಣ ತೆಗೆದು. ಕ್ರಾಸ್‌ಬೋ ಎಳೆಯದೇ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅಟ್ಟಣೆಯ ಇಕ್ಕಟ್ಟಿನಲ್ಲಿ ಬಳೆಗೆ ಕಾಲು ತೂರಿಸಿ ಬಗ್ಗಿ ಎಳೆಯುವುದು ಬೀಳುವ ದಾರಿ. ಇಲ್ಲೂ ಕ್ರ್ಯಾಂಕ್ ಉಳ್ಳವರಿಗೆ ಸಲೀಸು.

ಮತ್ತೊಂದು ವಿಷಯ ಓರೆ. ಕಾಂಪೌಂಡಿನವರು ಬಿಲ್ಲು ನೆಟ್ಟಗಿದೆಯೇ ಎಂದು ಗುರಿಕಂಬಿಯ ಪಕ್ಕದ ಪುಟ್ಟ ನೀರ್ಗುಳ್ಳೆಯನ್ನು ನೋಡಿ ನೋಡಿ ರೂಢಿಯಾಗಿರುತ್ತಾರೆ. ದುರ್ಬೀನು ಸಿಕ್ಕ ಕೂಡಲೇ ಆ ರೂಢಿ ಬಿಟ್ಟುಬಿಡುತ್ತಾರೆ. ಕ್ರಾಸ್‌ಬೋ ಒಂದು ಪಕ್ಕಕ್ಕೆ ವಾಲಿದರೆ ಬಾಣವೂ ಆ ಪಕ್ಕಕ್ಕೇ ಬೀಳುತ್ತದೆ, ದೂರ ಹೆಚ್ಚಿದಷ್ಟೂ ಜಾಸ್ತಿ. ಮೊದಲ ಬಾಣ ತಪ್ಪಿತೆಂದರೆ ಕಾಂಪೌಂಡಿನವರು ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಹೂಡಬಲ್ಲರು. ಕ್ರಾಸ್‌ಬೋಗೆ ಆ ಭಾಗ್ಯವಿಲ್ಲ. ಅದಕ್ಕೆ ಒಂದೇ ಬಾಣ ಎಂದು ತಿಳಿದೇ ಕೂರಬೇಕು.

ಇದು ಬಿಲ್ಲೇ?

ಈಗ ಜಗಳಕ್ಕೆ ಬರುತ್ತೇನೆ. ಹಳೆಯ ಜಗಳ ಇದು. 1139ರಲ್ಲೇ ರೋಮಿನಲ್ಲಿ ಸೇರಿದ ಚರ್ಚಿನ ಎರಡನೆಯ ಲ್ಯಾಟರನ್ ಸಭೆ ಕ್ರೈಸ್ತರ ಮೇಲೆ ಅಡ್ಡಬಿಲ್ಲು, ಬಿಲ್ಲು ಬಳಸುವುದನ್ನು ನಿಷೇಧಿಸಿತ್ತು. ಯಾರೂ ಕೇಳಲಿಲ್ಲ, ಅದು ಬೇರೆ ಮಾತು. ವರ್ಷಗಟ್ಟಲೆ ಪಳಗಿದ ಬಿಲ್ಲಾಳಿನ ಕೆಲಸವನ್ನು ಕೆಲವೇ ವಾರ ಕಲಿತವನು ಮಾಡಿಬಿಡುತ್ತಾನಲ್ಲ ಎಂಬ ಕಿರಿಕಿರಿ ಅಂದಿನಿಂದ ಇಂದಿನವರೆಗೆ ಬಂದಿದೆ.

ಅಮೆರಿಕದಲ್ಲಿ ಒಂದೊಂದು ರಾಜ್ಯ ಒಂದೊಂದು ತೀರ್ಪು ಕೊಟ್ಟಿದೆ. ಒಹಾಯೊ 1970ರ ದಶಕದಿಂದಲೇ ಕ್ರಾಸ್‌ಬೋಗೆ ಬಾಗಿಲು ತೆರೆಯಿತು. ಇಲ್ಲಿ ನೆಟ್ಟಗಿನ ಬಿಲ್ಲಿಗೆ ಕನಿಷ್ಠ 40 ಪೌಂಡ್, ಕ್ರಾಸ್‌ಬೋಗೆ 75 ಪೌಂಡ್ ಎಳೆತ ಇರಬೇಕೆಂಬ ನಿಯಮವಿದೆ. ವಿಸ್ಕಾನ್ಸಿನ್ನಿನಲ್ಲಿ ಬಹಳ ಕಾಲ 65 ದಾಟಿದವರಿಗೆ, ಅಂಗವಿಕಲರಿಗೆ ಮಾತ್ರ ಅವಕಾಶವಿತ್ತು. 2014ರಲ್ಲಿ ಎಲ್ಲರಿಗೂ ಕ್ರಾಸ್‌ಬೋ ಋತು ಶುರುವಾಗಿ, ಕೆಲವೇ ವರ್ಷಗಳಲ್ಲಿ ಕ್ರಾಸ್‌ಬೋ ಜಿಂಕೆಗಳ ಸಂಖ್ಯೆ ಬಿಲ್ಲಿನ ಜಿಂಕೆಗಳನ್ನು ಮೀರಿತು. ಪೆನ್ಸಿಲ್ವೇನಿಯಾ 2009ರಲ್ಲಿ ಅವಕಾಶ ಹಿಗ್ಗಿಸಿತು. ಆರೆಗನ್ ಇವತ್ತಿಗೂ ಬೇಟೆಗೆ ಕ್ರಾಸ್‌ಬೋ ಒಪ್ಪುವುದಿಲ್ಲ. 1961ರಲ್ಲಿ ಹುಟ್ಟಿದ, ಬಿಲ್ಲು ಬೇಟೆಯ ದಾಖಲೆಗಳನ್ನಿಡುವ ಪೋಪ್ ಅಂಡ್ ಯಂಗ್ ಕ್ಲಬ್ಬು ಕ್ರಾಸ್‌ಬೋದಲ್ಲಿ ಹೊಡೆದ ಪ್ರಾಣಿಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಹೆದೆಯನ್ನು ತೋಳೇ ಎಳೆದು ತೋಳೇ ಹಿಡಿದರೆ ಮಾತ್ರ ಬಿಲ್ಲು ಎನ್ನುವುದು ಅವರ ವಾದ.

ಅದರಲ್ಲಿ ತಿರುಳಿದೆ. ಆದರೆ ಕಾಂಪೌಂಡ್ ಬಂದಾಗ ಹಳಬರು ಅದನ್ನೂ ಹೀಗೇ ಮೂಗು ಮುರಿದಿದ್ದರು ಎಂಬುದನ್ನು ಇವತ್ತಿನ ಕಾಂಪೌಂಡಿಗರು ಮರೆತಿದ್ದಾರೆ. ರಾಜ್ಯಗಳ ವನ್ಯಜೀವಿ ಇಲಾಖೆಗಳ ಲೆಕ್ಕ ಬೇರೆ. 1991ರಲ್ಲಿ ಅಮೆರಿಕದಲ್ಲಿ 1.41 ಕೋಟಿ ಬೇಟೆಗಾರರಿದ್ದರು, 2016ಕ್ಕೆ 1.15 ಕೋಟಿ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿ ನಿಧಿಗೆ ಹೋಗುತ್ತದೆ. 1972ರ ತಿದ್ದುಪಡಿಯಿಂದ ಬಿಲ್ಲುಬಾಣಗಳೂ ಅದಕ್ಕೆ ಸೇರಿದವು. ಬೇಟೆಗಾರರು ಮುದುಕರಾಗಿ ಮನೆ ಸೇರಿದರೆ ಲೈಸೆನ್ಸಿನ ದುಡ್ಡೂ ಹೋಯಿತು, ತೆರಿಗೆಯೂ ಹೋಯಿತು, ಜಿಂಕೆಗಳು ಮಾತ್ರ ಉಳಿದವು. ಭುಜ ಸೋತವರನ್ನು ಇನ್ನೊಂದು ಹತ್ತು ವರ್ಷ ಕಾಡಿನಲ್ಲಿ ಉಳಿಸುವ ಸಾಧನವನ್ನು ಅವರು ಬೇಡವೆನ್ನುವುದು ಕಷ್ಟ.

ಭುಜ ಪೂರ್ತಿ ಸೋಲದವರಿಗೆ ನಡುವೆ ಒಂದು ದಾರಿಯಿದೆ, ಅಂಗಡಿಯವರು ಸಾಮಾನ್ಯವಾಗಿ ಅದನ್ನು ಹೇಳುವುದಿಲ್ಲ. ಕಾಂಪೌಂಡ್ ಬಿಲ್ಲಿನ ತೋಳಿನ ತಿರುಪು ಸಡಿಲಿಸಿ ಎಳೆತವನ್ನು ಒಂದಷ್ಟು ಇಳಿಸಬಹುದು; ಇನ್ನೂ ಇಳಿಸಬೇಕೆಂದರೆ ಮೆದು ತೋಳುಗಳನ್ನು ಹಾಕಿಸಬಹುದು. 45 ಪೌಂಡಿನ ಎಳೆತ, ತುಸು ಭಾರದ ಬಾಣ, ಚೂಪು ಅಲಗು, 20–25 ಗಜದೊಳಗಿನ ಹೊಡೆತ ಇಷ್ಟಿದ್ದರೆ ಜಿಂಕೆಗೆ ಸಾಕು. ಅಜ್ಜ ಮೊದಲು ಇದನ್ನೇ ಮಾಡಿ ಎರಡು ಋತು ಕಳೆದರು. ಮೂರನೆಯದಕ್ಕೆ ಭುಜ ಅದಕ್ಕೂ ಒಪ್ಪಲಿಲ್ಲ. ಹಳೆಯ ಕಾಂಪೌಂಡ್ ಈಗ ಅವರ ಗ್ಯಾರೇಜಿನ ಗೋಡೆಯ ಮೇಲಿದೆ. ಅದನ್ನು ಮಾರುವ ಮಾತು ಎತ್ತಿದರೆ ಮುಖ ಗಂಟಿಕ್ಕುತ್ತಾರೆ.

ಹೋದ ನವೆಂಬರಿನಲ್ಲಿ ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕತ್ತಲಾಯಿತು, ಆರಾಯಿತು, ಆರೂವರೆಯಾಯಿತು. ಪಕ್ಕದ ಗ್ಯಾರೇಜಿನ ದೀಪ ಹತ್ತಿತು. ಟಪ್ ಸದ್ದು ಮಾತ್ರ ಬರಲಿಲ್ಲ. ಬಾಣ ಅದಾಗಲೇ ಕಾಡಿನಲ್ಲಿ ಖರ್ಚಾಗಿತ್ತು. ಒಲೆ ಆರಿಸಿ, ಜಿಂಕೆಯನ್ನು ಎಳೆದು ತರಲು ಅವರಿಗೆ ಇನ್ನೊಂದು ಕೈ ಬೇಕಾಗುತ್ತದೆಂದು ಜಾಕೆಟ್ ಹುಡುಕತೊಡಗಿದೆ.